ಗಡ್ಡೆಯ ಜೊತೆ ಒಂದು ಮಾತು



ನಮ್ಮ ಮಲೆನಾಡಿನಲ್ಲಿ ರೋಹಿಣಿ ಮಳೆ ಬರುವ ಹೊತ್ತಿಗೆ ಹೆಂಗಸರ ಓಡಾಟಕ್ಕೆ ಒಂದು ಬೇರೆಯೇ ಕಳೆ ಬರುತ್ತದೆ. ಮದುವೆ ಮುಂಜಿಗಳ ಗಡಿಬಿಡಿ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಹಪ್ಪಳ, ಸಂಡಿಗೆ, ಮಾವಿನಮಿಡಿ ಎಲ್ಲ ಡಬ್ಬಿ ಭರಣಿ ಸೇರಿರುತ್ತವೆ. ಆಮೇಲೆ ಯಾರು ಯಾರ ಮನೆಗೆ ಹೋದರೂ ಬರುವಾಗ ಕೈಯಲ್ಲೊಂದು ಪೊಟ್ಟಣ. ಹಳೇ ಪೇಪರಿನಲ್ಲಿ ಸುತ್ತಿದ ಡೇರೆ ಹೂವಿನ ಗಡ್ಡೆ, ಬಾಳೆಪಟ್ಟೆಯಲ್ಲಿ ಕಟ್ಟಿದ ದಾಸವಾಳದ ಕಡ್ಡಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡ ನಾಲ್ಕು ಹೀರೆ ಬೀಜ. ಬಸ್ಸಿನಲ್ಲಿ ಪಕ್ಕ ಕೂತವರ ಚೀಲದಿಂದ ಎರಡೆಲೆ ಹೊರಗೆ ಇಣುಕಿದರೆ ಸಾಕು, ಗುರುತು ಪರಿಚಯ ಇಲ್ಲದವರೂ "ಅದು ಯಾವ ಗಿಡ?" ಎಂದು ಮಾತಿಗೆ ಶುರು ಮಾಡುತ್ತಾರೆ. ಇಳಿಯುವ ಸ್ಟಾಪು ಬರುವಷ್ಟರಲ್ಲಿ ಒಬ್ಬರ ಹಿತ್ತಲಿನ ವಿಚಾರ ಇನ್ನೊಬ್ಬರಿಗೆ ಗೊತ್ತಾಗಿರುತ್ತದೆ.

ಗಿಡ ಬೆಳೆಸುವ ಕ್ರಮ ಹೇಳಿಕೊಡುವವರು ಬಹಳ ಜನ ಇದ್ದಾರೆ. ನಾನು ಇವತ್ತು ಗಿಡದ ಹುಚ್ಚಿರುವವರು ಒಬ್ಬರ ಜೊತೆ ಒಬ್ಬರು ಆಡುವ ಮಾತಿನ ಬಗ್ಗೆ ಹೇಳಬೇಕು ಅಂತ ಬಂದಿದ್ದೇನೆ. ಯಾಕೆಂದರೆ ಮೂವತ್ತು ವರ್ಷದಿಂದ ಹೂವಿನ ಗಿಡದ ಹಿಂದೆ ತಿರುಗಿದ ನನಗೆ ಒಂದು ವಿಷಯ ಮನಸ್ಸಿಗೆ ಗಟ್ಟಿಯಾಗಿದೆ: ಮಾತಿಲ್ಲದೆ ಕೊಟ್ಟ ಗಿಡ ಅರ್ಧ ಕೊಟ್ಟ ಹಾಗೆ.

ನಾನು ಮದುವೆಯಾಗಿ ಸಾಗರದ ಕಡೆ ಬಂದ ಮೊದಲ ಮಳೆಗಾಲದ ಸಂಗತಿ. ಇಲ್ಲಿ ಎಲ್ಲರ ಅಂಗಳದಲ್ಲೂ ಡೇರೆ. ಶ್ರಾವಣ, ಭಾದ್ರಪದ ಬಂತೆಂದರೆ ಊಟದ ತಟ್ಟೆಯಷ್ಟು ಅಗಲದ ಹೂವು. ಕೆಂಪು, ಹಳದಿ, ಬಿಳಿ, ಎರಡು ಬಣ್ಣ ಕಲಸಿದ್ದು, ಎಸಳು ಸುರುಳಿ ಸುತ್ತಿದ್ದು. ಗಣಪತಿ ಹಬ್ಬಕ್ಕೆ ನೆಂಟರು ಬಂದರೆ ಮೊದಲು ಡೇರೆ ನೋಡಿ ಆಮೇಲೆ ಗಣಪತಿ ನೋಡುತ್ತಾರೆ. ನನಗೂ ಒಂದು ಬೇಕು ಅನ್ನಿಸಿತು. ಬಂಧುಗಳ ಮನೆಯಲ್ಲಿ ಕೇಳಿದೆ, ಸಂತೋಷದಿಂದ ಕೊಟ್ಟರು. ಗೆಣಸಿನಷ್ಟು ದಪ್ಪದ, ನೋಡಲು ತುಂಬ ಚೆಂದದ ಗಡ್ಡೆ. ಏರುಮಡಿ ಮಾಡಿ, ಹಟ್ಟಿಗೊಬ್ಬರ ಹಾಕಿ ನೆಟ್ಟೆ. ದಿನಾ ಬೆಳಗಾದರೆ ಹೋಗಿ ನೋಡುವುದು. ಆರಿದ್ರೆ ಮಳೆ ಬಂತು, ಪುನರ್ವಸು ಬಂತು, ಮಣ್ಣಿನ ಮೇಲೆ ಒಂದು ಚಿಗುರೂ ಕಾಣಲಿಲ್ಲ. ಕಡೆಗೆ ಕೆದಕಿ ನೋಡಿದರೆ ಗಡ್ಡೆ ಬಿಳೀ ಬೇರು ಬಿಟ್ಟುಕೊಂಡು ಹಾಗೇ ಇದೆ. ಬೇರು ಉಂಟು, ಚಿಗುರು ಇಲ್ಲ! ನನ್ನ ಕೈಗುಣವೇ ಸರಿಯಿಲ್ಲ ಎಂದು ಒಳಗೊಳಗೇ ಅತ್ತೆ. ಹೊಸ ಮನೆ, ಹೊಸ ಜನ. ಇಷ್ಟು ಸಣ್ಣ ವಿಷಯಕ್ಕೆ ಅಳುವುದು ಹೇಗೆ ಎಂದು ಯಾರಿಗೂ ಹೇಳಲೂ ಇಲ್ಲ.

ಆಚೆ ಮನೆಯ ದೊಡ್ಡಮ್ಮ ಅದನ್ನು ಹೇಗೋ ಗಮನಿಸಿದರು. ಒಂದು ಮಧ್ಯಾಹ್ನ ಕವಳದ ತಟ್ಟೆ ಪಕ್ಕಕ್ಕಿಟ್ಟು, "ಆ ಗಡ್ಡೆ ತೊಳೆದುಕೊಂಡು ಬಾರೆ ನೋಡುವ" ಎಂದರು. ಜಗಲಿಯ ಅಂಚಿನಲ್ಲಿ, ಬೆಳಕು ಬೀಳುವ ಕಡೆ ಕೂರಿಸಿಕೊಂಡರು. ತಮ್ಮ ಮನೆಯ ಒಂದು ಡೇರೆ ಬುಡವನ್ನೂ ಇಟ್ಟುಕೊಂಡಿದ್ದರು. ಹಳೇ ದಂಟಿನ ಮೋಟಿನ ಸುತ್ತ ಐದಾರು ಗಡ್ಡೆ ತೂಗಾಡುತ್ತಿದ್ದವು. ಹೆಬ್ಬೆರಳ ಉಗುರಿನಿಂದ ಗಡ್ಡೆಯ ಕುತ್ತಿಗೆ ಮತ್ತು ದಂಟು ಕೂಡುವ ಜಾಗವನ್ನು ಮೆಲ್ಲಗೆ ಸವರಿ, "ಇಲ್ಲಿ ನೋಡು" ಎಂದರು. ಸಾಸಿವೆ ಕಾಳಿನಷ್ಟು, ಸ್ವಲ್ಪ ಕೆಂಪು ಛಾಯೆಯ ಒಂದು ಉಬ್ಬು. ಅದು ಕಣ್ಣು. ಆಲೂಗಡ್ಡೆಗೆ ಮೈ ತುಂಬಾ ಕಣ್ಣಿರುತ್ತದೆ. ಡೇರೆಗೆ ಕಣ್ಣಿರುವುದು ಆ ಕುತ್ತಿಗೆಯ ಮೇಲಿನ ಬುಡದಲ್ಲಿ ಮಾತ್ರ. ಬುಡದ ಒಂದು ಚೂರು ಸೇರಿಸಿ ಕೊಯ್ದ ಗಡ್ಡೆ ಸುಂಡಿಲಿಯಷ್ಟಿದ್ದರೂ ಚಿಗುರುತ್ತದೆ. ಕುತ್ತಿಗೆ ಮುರಿದದ್ದು ಮೊಣಕೈ ಗಾತ್ರ ಇದ್ದರೂ ಇಲ್ಲ. ನನಗೆ ಕೊಟ್ಟವರು ಕೊಡುವ ಮನಸ್ಸಿನಿಂದಲೇ ಕೊಟ್ಟಿದ್ದರು, ಇದ್ದುದರಲ್ಲಿ ದೊಡ್ಡದನ್ನೇ ಆರಿಸಿದ್ದರು. ಕಣ್ಣಿನ ಮಾತೊಂದನ್ನು ಹೇಳಲಿಲ್ಲ, ಅಷ್ಟೆ. ಅವರಿಗೆ ಅದು ಎಷ್ಟು ಗೊತ್ತಿದ್ದ ವಿಷಯ ಎಂದರೆ, ಗೊತ್ತಿಲ್ಲದವರೂ ಇರುತ್ತಾರೆ ಎನ್ನುವುದೇ ಮರೆತಿತ್ತು.

ದೊಡ್ಡಮ್ಮ ನನಗೆ ಆ ದಿನ ಕಣ್ಣಿರುವ ಎರಡು ಗಡ್ಡೆ ಕೊಟ್ಟರು. ಜೊತೆಗೆ ಹೇಳಿದ್ದನ್ನು ಇವತ್ತಿಗೂ ಮರೆತಿಲ್ಲ. "ಈ ಬಿಳಿಯದ್ದಕ್ಕೆ ಸೊಂಟ ಗಟ್ಟಿ ಇಲ್ಲ, ಮೊಳ ಎತ್ತರ ಆದ ಕೂಡಲೇ ಅಡಕೆ ದಬ್ಬೆಗೆ ಕಟ್ಟು. ನೆಡುವಾಗಲೇ ದಬ್ಬೆ ಊರಿಬಿಡು, ಆಮೇಲೆ ಊರಿದರೆ ಗಡ್ಡೆಗೆ ಚುಚ್ಚುತ್ತದೆ. ನನ್ನದು ಎರಡು ಹಾಗೆ ಹಾಳಾಗಿವೆ." ಆ ಕೊನೆಯ ಮಾತಿದೆಯಲ್ಲ, ನನ್ನದು ಎರಡು ಹಾಳಾಗಿವೆ ಎಂದದ್ದು, ಅದು ನನಗೆ ಗಡ್ಡೆಗಿಂತ ದೊಡ್ಡ ಉಡುಗೊರೆ. ಇಷ್ಟು ಬಲ್ಲವರ ಕೈಯಲ್ಲೂ ಗಿಡ ಸಾಯುತ್ತದೆ ಎಂದು ತಿಳಿದದ್ದರಿಂದಲೇ ನನಗೆ ಧೈರ್ಯ ಬಂತು.

ಡೇರೆಯ ಊರು ದೂರದ ಮೆಕ್ಸಿಕೊದ ಬೆಟ್ಟಸೀಮೆ. 1789ರಲ್ಲಿ ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್ ಸಸ್ಯೋದ್ಯಾನಕ್ಕೆ ಬಂತು. ಅಲ್ಲಿ ಕವನಿಲೆಸ್ ಎಂಬ ಸಸ್ಯಶಾಸ್ತ್ರಜ್ಞ 1791ರಲ್ಲಿ ಅದಕ್ಕೆ ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬುವರ ನೆನಪಿಗೆ ಡಾಲಿಯಾ ಎಂದು ಹೆಸರಿಟ್ಟ. ಅದೇ ಡಾಲಿಯಾ ನಮ್ಮ ಅಜ್ಜಿಯಂದಿರ ಬಾಯಲ್ಲಿ ಡೇರೆ ಆಯಿತು. ಇದರ ಬೀಜ ಹಾಕಿದರೆ ತಾಯಿಯಂಥ ಹೂವು ಬರುವುದಿಲ್ಲ. ಎಷ್ಟೋ ಗಿಡಗಳ ಜೀವಕೋಶದಲ್ಲಿ ವರ್ಣತಂತುಗಳು ಎರಡು ಪ್ರತಿ ಇದ್ದರೆ ತೋಟದ ಡೇರೆಯಲ್ಲಿ ಎಂಟು ಪ್ರತಿ, ಒಟ್ಟು 64. ಹಾಗಾಗಿ ಪ್ರತಿ ಬೀಜದಲ್ಲೂ ಹೊಸದೊಂದು ಕಲಸುಮೇಲೋಗರ. ತಾಯಿಯ ಬಣ್ಣವೇ ಬೇಕಾದರೆ ಗಡ್ಡೆಯನ್ನೋ ಕುಡಿಯನ್ನೋ ಕೈಯಿಂದ ಕೈಗೆ ದಾಟಿಸಬೇಕು. ನಮ್ಮ ಅಂಗಳದಲ್ಲಿ ಇವತ್ತು ಅರಳುವ ಹಳೇ ಕೆಂಪು ಡೇರೆ ಎಷ್ಟು ಹೆಂಗಸರ ಕೈ ದಾಟಿ ಬಂದಿದೆಯೋ! ಅಷ್ಟು ಕೈಗಳಲ್ಲಿ ಒಬ್ಬರಾದರೂ "ಕೊಡುವುದಿಲ್ಲ" ಎಂದಿದ್ದರೆ, ಅಥವಾ ಕೊಟ್ಟು ಕಣ್ಣಿನ ವಿಷಯ ಹೇಳದೆ ಇದ್ದಿದ್ದರೆ, ಅದು ನನ್ನವರೆಗೆ ಬರುತ್ತಲೇ ಇರಲಿಲ್ಲ.

ಈಗ ಹೈಡ್ರಾಂಜಿಯದ ವಿಷಯ ಹೇಳುತ್ತೇನೆ. ಇದರಿಂದ ನಮ್ಮ ಮನೆಯಲ್ಲಿ ಒಂದು ವರ್ಷ ಸಣ್ಣ ಮುನಿಸೇ ಆಗಿತ್ತು. ನಮ್ಮ ಬಾವಿಕಟ್ಟೆ ಹತ್ತಿರ ನೀಲಿ ಹೈಡ್ರಾಂಜಿಯ ಇದೆ. ಮಳೆಗಾಲದ ಮೋಡದ ಸಂದಿಯಲ್ಲಿ ಕಾಣುವ ಆಕಾಶದ ನೀಲಿ. ಹುಬ್ಬಳ್ಳಿಯಲ್ಲಿರುವ ನನ್ನ ನಾದಿನಿ ಅದಕ್ಕೆ ಮನಸೋತು ಕಡ್ಡಿ ಕೇಳಿದಳು. ನಾನೇ ಬೇರು ಬರಿಸಿ, ಕುಂಡದಲ್ಲಿಟ್ಟು ಕಳಿಸಿಕೊಟ್ಟೆ. ಅವಳು ನೆರಳಿನಲ್ಲಿಟ್ಟು, ಬೋರ್‌ವೆಲ್ ನೀರು ಹಾಕಿ, ಅಲ್ಲಿಯ ಎರೆಮಣ್ಣು ತುಂಬಿ ಎರಡು ವರ್ಷ ಸಾಕಿದಳು. ಹೂ ಬಂದ ದಿನ ಫೋನು. "ಅತ್ತಿಗೆ, ನೀವು ಕೊಟ್ಟಿದ್ದು ನೀಲಿದಲ್ಲ, ಗುಲಾಬಿದು." ನಾನು "ನಮ್ಮ ಮನೆಯಲ್ಲಿ ಗುಲಾಬಿಯದ್ದು ಇಲ್ಲವೇ ಇಲ್ಲವಲ್ಲೆ" ಎಂದೆ. ಅವಳು ಸುಮ್ಮನಾದಳು. ಆ ಸುಮ್ಮನಾದದ್ದರಲ್ಲಿ ಒಂದು ಮಾತಿತ್ತು: ಒಳ್ಳೆಯದನ್ನು ಮನೆಯಲ್ಲಿಟ್ಟುಕೊಂಡು ಬೇರೆಯದನ್ನು ಕಳಿಸಿದ್ದೀರಿ ಎಂದು. ನನಗೂ ಬೇಸರವಾಯಿತು. ಅಷ್ಟು ಜತನದಿಂದ ಕಳಿಸಿದ್ದಕ್ಕೆ ಇದೇ ಮಾತೇ ಎಂದು.

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಮಣ್ಣು ಬೇರೆ ಇತ್ತು. ಮಲೆನಾಡಿನ ಮಣ್ಣು ಮಳೆಗೆ ತೊಳೆದು ತೊಳೆದು ಹುಳಿಯಾಗಿರುತ್ತದೆ. ಮಣ್ಣಿನ ರಸಸಾರ ಐದೂವರೆಗಿಂತ ಕೆಳಗಿದ್ದರೆ ಅದರಲ್ಲಿರುವ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಹೂವು ಅದನ್ನು ಹೀರಿ ನೀಲಿಯಾಗುತ್ತದೆ. ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು, ಬೋರ್‌ವೆಲ್ ನೀರಿನಲ್ಲೂ ಹೆಚ್ಚು. ಅಲ್ಲಿ ಅಲ್ಯೂಮಿನಿಯಂ ಇದ್ದರೂ ಗಿಡದ ಬಾಯಿಗೆ ಸಿಗದು. ಅದೇ ತಾಯಿಯ ಅದೇ ಕಡ್ಡಿ ಅಲ್ಲಿ ಗುಲಾಬಿ. ತೋಟಗಾರಿಕೆ ಓದಿದ ಹುಡುಗನೊಬ್ಬ ಇದನ್ನು ನನಗೆ ಬಿಡಿಸಿ ಹೇಳಿದ ಸಂಜೆಯೇ ನಾದಿನಿಗೆ ಫೋನು ಮಾಡಿದೆ. ಇಬ್ಬರೂ ಮಣ್ಣಿನ ಬಗ್ಗೆ ಒಂದು ಗಂಟೆ ಮಾತಾಡಿದೆವು. ಅವಳ ಗುಲಾಬಿ ಹೂವಿನ ಕಡ್ಡಿ ಈಗ ನಮ್ಮ ಮನೆಗೆ ಬಂದು ನೀಲಿಯಾಗಿದೆ.

ಅಂದಿನಿಂದ ಯಾರೇ ಬಂದು "ಗಿಡ ಯಾಕೋ ಏಳುತ್ತಿಲ್ಲ, ಏನು ಮಾಡಲಿ?" ಎಂದರೆ ನಾನು ತಕ್ಷಣ ಉತ್ತರ ಕೊಡುವುದಿಲ್ಲ. ನಿಮ್ಮ ಊರು ಯಾವುದು? ಬಿಸಿಲು ಎಷ್ಟು ಹೊತ್ತು ಬೀಳುತ್ತದೆ? ನೀರು ಬಾವಿಯದೋ, ಬೋರಿನದೋ, ನಲ್ಲಿಯದೋ? ನೆಲವೋ ಕುಂಡವೋ? ಇಷ್ಟು ಕೇಳಿದ ಮೇಲೇ ಮುಂದಿನ ಮಾತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಬೆಂಗಳೂರಿನಲ್ಲಿ ಸಾವಿರದ ಆಸುಪಾಸು. ಆಗುಂಬೆಯ ಕಡೆಯವರು "ನೀರು ನಿಲ್ಲದ ಹಾಗೆ ಏರಿ ಮಾಡು" ಎಂದರೆ ಅದು ಗಿಡದ ಪ್ರಾಣದ ಮಾತು. ಅದೇ ಮಾತನ್ನು ಬೆಂಗಳೂರಿನ ತಾರಸಿಯಲ್ಲಿ, ಬೇಸಗೆಯಲ್ಲಿ, ಅರ್ಧ ದಿನದಲ್ಲಿ ಒಣಗುವ ಕುಂಡಕ್ಕೆ ಹೇಳಿದರೆ ಗಿಡ ಬಾಯಾರಿ ಸಾಯುತ್ತದೆ. ಹಾಗಾಗಿ "ಹೀಗೇ ಮಾಡಬೇಕು" ಎನ್ನುವುದಕ್ಕಿಂತ "ನಮ್ಮಲ್ಲಿ ಹೀಗೆ ಮಾಡಿದೆವು, ಆಯಿತು" ಎನ್ನುವುದು ಸರಿ. ಇದು ಬರೀ ವಿನಯಕ್ಕೆ ಹೇಳುವ ಮಾತು ಎಂದು ತಿಳಿಯಬೇಡಿ, ಹೆಚ್ಚು ನಿಜವಾದ ಮಾತೂ ಹೌದು.

ಇನ್ನೊಂದು ಸಂಗತಿ ಹೇಳಲೇಬೇಕು. ಬಹಳ ವರ್ಷದ ಹಿಂದೆ ಒಂದು ಊರಿನ ಹೂವಿನ ಸ್ಪರ್ಧೆಗೆ ನಾನು ಮೊದಲ ಸಲ ಡೇರೆ ತೆಗೆದುಕೊಂಡು ಹೋಗಿದ್ದೆ. ಪಕ್ಕದ ಮೇಜಿನವರ ಹೂವು ನನ್ನದಕ್ಕಿಂತ ಎರಡು ಪಟ್ಟು ಅಗಲ. ಹೇಗೆ ಬೆಳೆಸಿದಿರಿ ಎಂದು ಆಸೆಯಿಂದ ಕೇಳಿದೆ. "ಮೊಗ್ಗು ಚಿವುಟುವುದೂ ಗೊತ್ತಿಲ್ಲದೆ ಸ್ಪರ್ಧೆಗೆ ಬಂದಿರಾ?" ಎಂದರು. ನಾಲ್ಕು ಜನ ತಿರುಗಿ ನೋಡಿದರು. ಆ ಮಾತಿನಲ್ಲಿ ನನಗೆ ಬೇಕಾದ ಉತ್ತರವೇ ಇತ್ತು. ಒಂದು ಕುಡಿಯಲ್ಲಿ ನಡುವಿನ ಮೊಗ್ಗು ಉಳಿಸಿಕೊಂಡು ಅಕ್ಕಪಕ್ಕದ ಎರಡನ್ನು ಚಿವುಟಿದರೆ ಶಕ್ತಿಯೆಲ್ಲ ಒಂದಕ್ಕೇ ಹೋಗಿ ಹೂವು ಅಗಲವಾಗುತ್ತದೆ. ಆದರೆ ಅವತ್ತು ನನ್ನ ಕಿವಿಗೆ ಉತ್ತರ ಕೇಳಿಸಲಿಲ್ಲ, ಅವಮಾನ ಮಾತ್ರ ಕೇಳಿಸಿತು. ಮುಂದೆ ಎರಡು ವರ್ಷ ನಾನು ಯಾರನ್ನೂ ಏನೂ ಕೇಳಲಿಲ್ಲ. ಆ ಎರಡು ವರ್ಷದಲ್ಲಿ ಎಷ್ಟು ಗಿಡ ಕಳೆದುಕೊಂಡೆ ಎನ್ನುವುದು ನನಗೊಬ್ಬಳಿಗೇ ಗೊತ್ತು. ಗೊತ್ತಿಲ್ಲದೆ ಕೇಳುವವರ ಮುಂದೆ ದಯವಿಟ್ಟು "ಅಷ್ಟೂ ಗೊತ್ತಿಲ್ಲವಾ" ಎಂದು ಯಾರೂ ಅನ್ನಬೇಡಿ. ಗಿಡ ಕಳೆದುಕೊಂಡು ಬಂದವರ ಮುಂದೆ "ನಾನು ಆಗಲೇ ಹೇಳಿದ್ದೆ" ಎಂದೂ ಅನ್ನಬೇಡಿ. ಸತ್ತ ಗಿಡದ ಕುಂಡ ನೋಡಿಕೊಂಡು ಕೂತವರಿಗೆ ಅದು ಆಗಲೇ ಗೊತ್ತಿರುತ್ತದೆ.

ಕೇಳುವವರಿಗೂ ಒಂದು ಕ್ರಮ ಇದೆ. ನಮ್ಮ ಕಡೆ "ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ" ಎನ್ನುವ ಒಂದು ಮಾತು ಉಂಟು. ನನಗೆ ಆ ಮಾತು ಯಾವತ್ತೂ ಹಿಡಿಸಿಲ್ಲ. ಬೆಳಗ್ಗೆ ಎದ್ದು ನೋಡಿದಾಗ ಕುಡಿ ಹಿಸಿದ ಗಾಯ ಕಂಡರೆ ಸಾಕಿದವರಿಗೆ ಆಗುವ ಸಂಕಟವೇ ಬೇರೆ. ಬಾಯಿಬಿಟ್ಟು ಕೇಳಬೇಕು. ಇರುವುದೇ ಒಂದು ಗಿಡವಾದರೆ ಕೇಳಬಾರದು, ಅದು ಬುಡ ಒಡೆಯುವವರೆಗೆ ಕಾಯಬೇಕು. ನಾಳೆ ಪೂಜೆ ಇಟ್ಟುಕೊಂಡವರ ಅಂಗಳದಲ್ಲಿ ನಿಂತು ಇವತ್ತು ಸಂಜೆ ಹೂವು ಕೇಳಬಾರದು. ಸವರುವ ಕಾಲಕ್ಕೆ ಹೋದರೆ ಕೊಡುವವರಿಗೂ ನೋವಿಲ್ಲ, ಹೇಗೂ ಕತ್ತರಿಸಿದ ಕಡ್ಡಿಯೇ ನಿಮ್ಮದಾಗುತ್ತದೆ. ಒಯ್ದ ಮೇಲೆ ಸುದ್ದಿ ಹೇಳಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಕೊಟ್ಟವರ ಮನಸ್ಸು ಆ ಕಡ್ಡಿಯ ಹಿಂದೆಯೇ ಇರುತ್ತದೆ. ಚಿಗುರಿದರೆ ಚಿಗುರಿತು, ಹೋದರೆ ಹೋಯಿತು, ಎರಡನ್ನೂ ಹೇಳಬೇಕು. ಹೋಯಿತು ಎಂದರೆ ಬೈಯುತ್ತಾರೆ ಎಂದು ಹೆದರಬೇಡಿ. ನಾನು ಕಂಡ ಹಾಗೆ ನಿಜವಾಗಿ ಗಿಡ ಪ್ರೀತಿಸುವವರು ಮತ್ತೊಂದು ಕಡ್ಡಿ ಕತ್ತರಿಸಲು ಆಗಲೇ ಎದ್ದಿರುತ್ತಾರೆ.

ಕೊಡುವಾಗ ಗಿಡದ ಗುಣದ ಜೊತೆ ದೋಷವನ್ನೂ ಹೇಳಬೇಕು, ಇದು ಬಹಳ ಮುಖ್ಯ. ಡೇರೆಗೆ ಒಂದು ನಂಜು ರೋಗ ಇದೆ. ಎಲೆಯ ನರದ ಗುಂಟ ಹಳದಿಗಟ್ಟುತ್ತದೆ, ಗಿಡ ಗಿಡ್ಡವಾಗಿ ಮುದುಡುತ್ತದೆ. ಆ ನಂಜು ಗಡ್ಡೆಯಲ್ಲೇ ಕೂತು ಮುಂದಿನ ವರ್ಷಕ್ಕೆ ದಾಟುತ್ತದೆ, ಸಸ್ಯಹೇನಿನ ಮೂಲಕ ಅಕ್ಕಪಕ್ಕಕ್ಕೂ ಹಬ್ಬುತ್ತದೆ. ಅಂಥ ಬುಡವನ್ನು ಎಷ್ಟೇ ಬೇಡಿದರೂ ಕೊಡಬಾರದು, ಕಿತ್ತು ಸುಡಬೇಕು. ದಾಸವಾಳದ ಕಡ್ಡಿ ಕೊಡುವಾಗ ಗೆಣ್ಣಿನ ಸಂದಿಯಲ್ಲಿ ಬಿಳೀ ಹಿಟ್ಟುತಿಗಣೆ ಇದೆಯೇ ಎಂದು ನೋಡಿ ಕೊಡಬೇಕು. ದನಕರು ಇರುವ ಮನೆಗೆ ಕಣಗಿಲೆ ಕೊಟ್ಟರೆ, ಅದರ ಎಲೆ ದನದ ಬಾಯಿಗೆ ಹೋದರೆ ಜೀವಕ್ಕೇ ಅಪಾಯ ಎಂದು ಹೇಳಿಯೇ ಕೊಡಬೇಕು. ಹಬ್ಬುವ ಗಿಡಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಲಂಟಾನ ಇವತ್ತು ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಎಷ್ಟೋ ಕಡೆ ಜಿಂಕೆ ಮೇಯುವ ಹುಲ್ಲು ಬೆಳೆಯಲು ಜಾಗ ಬಿಟ್ಟಿಲ್ಲ. ಅದು ಈ ದೇಶಕ್ಕೆ ಹತ್ತೊಂಬತ್ತನೇ ಶತಮಾನದಲ್ಲಿ ಬಂದದ್ದು ಹೂವಿನ ಚೆಂದಕ್ಕೆ, ತೋಟದ ಬೇಲಿಯ ಅಲಂಕಾರಕ್ಕೆ. ಚೆಂದ ಇದೆ ಎಂದು ಒಬ್ಬರು ಇನ್ನೊಬ್ಬರಿಗೆ ಕೊಟ್ಟದ್ದೇ ಕಾಡು ಸೇರಿತು.

ಒಳ್ಳೆಯ ಕೊಡುಕೊಳ್ಳುವಿಕೆಗೆ ಸೀಮೆಬದನೆಯಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. 1874ರಿಂದ 1908ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮೆರಾನ್ ಅದನ್ನು ಬೆಂಗಳೂರಿಗೆ ತಂದು ಬೆಳೆಸಿದರು. ಮದ್ರಾಸಿನ ಕಡೆಯವರು ಅದನ್ನು ಬೆಂಗಳೂರು ಬದನೆ ಎಂದೇ ಕರೆದರು. ಅದರ ಬೀಜ ಬಿಡಿಸಿ ಪೊಟ್ಟಣ ಕಟ್ಟಲು ಬರುವುದಿಲ್ಲ. ಕಾಯಿಯೊಳಗೆ ಇರುವುದು ಒಂದೇ ಬೀಜ, ಅದು ಕಾಯಿಯಲ್ಲಿದ್ದ ಹಾಗೇ ಮೊಳೆಯುತ್ತದೆ. ಇಡೀ ಕಾಯಿಯನ್ನೇ ಕೊಡಬೇಕು, ಇಡೀ ಕಾಯಿಯನ್ನೇ ನೆಡಬೇಕು. ಕೊಡುವವರು ಒಂದು ಹೊತ್ತಿನ ಪಲ್ಯ ಬಿಟ್ಟು ಕೊಡಬೇಕು, ಅಷ್ಟೆ. ಅದು ಹಾಗೆ ಕಾಯಿಯಿಂದ ಕಾಯಿಗೆ ದಾಟುತ್ತ ನಮ್ಮ ಅಡುಗೆಮನೆಗಳಿಗೆ ಬಂದು ಸಾಂಬಾರು ಸೇರಿತು. ಇಂಥ ಕೊಡುಕೊಳ್ಳುವಿಕೆಗೆ ಶಿರಸಿಯಲ್ಲಿ 2001ರಿಂದ ವನಸ್ತ್ರೀ ಎಂಬ ಹೆಂಗಸರ ಬಳಗ ಇದೆ. ಮನೆಹಿತ್ತಲಿನ ಹಳೇ ತರಕಾರಿ ಬೀಜ, ಹೂವಿನ ಬೀಜ ಉಳಿಸಿ ಹಂಚುತ್ತಾರೆ. ನಮ್ಮ ಅಜ್ಜಿಯರು ಬೀಜಕ್ಕೆ ಬೂದಿ ಕಲಸಿ ಅಟ್ಟದ ಮೇಲೆ ಇಡುತ್ತಿದ್ದರು, ಸೌತೆಬೀಜವನ್ನು ಸೆಗಣಿಯಲ್ಲಿ ಒತ್ತಿ ಗೋಡೆಗೆ ಮೆತ್ತುತ್ತಿದ್ದರು. ಆ ಬುದ್ಧಿಯೂ ಬೀಜದ ಜೊತೆಗೇ ಬಾಯಿಂದ ಬಾಯಿಗೆ ಬಂದದ್ದು.

ದೊಡ್ಡಮ್ಮ ತೀರಿಕೊಂಡು ಹನ್ನೊಂದು ವರ್ಷ ಆಯಿತು. ಅವರ ಬಿಳೀ ಡೇರೆ ನಮ್ಮಲ್ಲಿದೆ. ನಮ್ಮಿಂದ ಹುಬ್ಬಳ್ಳಿಗೆ, ಅಲ್ಲಿಂದ ಇನ್ನೆಲ್ಲಿಗೋ ಹೋಗಿದೆ. ಮೊನ್ನೆ ಬೆಂಗಳೂರಿನಿಂದ ಸೊಸೆ ಬಂದಿದ್ದಳು. ಅವಳ ಅಪಾರ್ಟ್‌ಮೆಂಟಿನ ಪಕ್ಕದ ಮನೆಯ ಹುಡುಗಿ ಮೊದಲ ಸಲ ಗಿಡ ಇಡುತ್ತಿದ್ದಾಳಂತೆ. ಅವಳಿಗೊಂದು ಗಡ್ಡೆ ಬೇಕು ಎಂದಳು. ಕಣ್ಣಿರುವುದನ್ನು ಆರಿಸಿ, ಒಣಮರಳಿನಲ್ಲಿ ಹೊರಳಿಸಿ, ಪೇಪರಿನಲ್ಲಿ ಸುತ್ತಿದೆ. ಒಂದು ಚೀಟಿಯಲ್ಲಿ ಬರೆದೆ: "ಬಿಳಿ. ಕಣ್ಣು ಮೇಲಾಗಿರಲಿ. ನಾಲ್ಕು ಬೆರಳು ಆಳ. ಚಿಗುರು ಕಾಣುವವರೆಗೆ ನೀರು ಕಮ್ಮಿ. ದಬ್ಬೆಯನ್ನು ಮೊದಲೇ ಊರು, ನನ್ನದು ಒಂದು ಹಾಗೆ ಹಾಳಾಗಿದೆ, ಇದನ್ನು ಕೊಟ್ಟ ದೊಡ್ಡಮ್ಮನದ್ದು ಎರಡು. ಇಲ್ಲಿ ಮಳೆ ಜಾಸ್ತಿ, ನಿಮ್ಮಲ್ಲಿ ಹೇಗೋ ನೋಡಿಕೊ. ಬಂದರೂ ಬಾರದಿದ್ದರೂ ಫೋನು ಮಾಡು." ಕೆಳಗೆ ನಂಬರು ಬರೆದು ಪೊಟ್ಟಣದೊಳಗೆ ಇಟ್ಟು ಬಾಳೆನಾರಿನಿಂದ ಕಟ್ಟಿದೆ.